ಗುಜರಿಯಿಂದ ತಂದ ಸ್ಪೀಕರ್‌ಗೆ ಯಾವ ಪೆಟ್ಟಿಗೆ? ಮಲೆನಾಡಿನ ಮನೆಗಳಿಗೆ ಒಂದು ಹೋಲಿಕೆ

ಶಿವಮೊಗ್ಗದ ಗುಜರಿ ಅಂಗಡಿಗಳಲ್ಲಿ ಹಳೆಯ ಟೀವಿ, ಟೇಪ್‌ರೆಕಾರ್ಡರ್, ಮೈಕ್‌ಸೆಟ್ಟುಗಳ ರಾಶಿ ಕೆದಕಿದರೆ ಒಳ್ಳೊಳ್ಳೆಯ ಸ್ಪೀಕರ್ ಸಿಗುತ್ತವೆ. ಪೆಟ್ಟಿಗೆ ಮಾತ್ರ ಸಿಗುವುದಿಲ್ಲ. ಸಿಕ್ಕರೂ ತಳ ಉಬ್ಬಿ, ಮೂಲೆ ಪುಡಿಯಾಗಿ, ಒಳಗೆ ಜಿರಳೆ ಸಂಸಾರ ಮಾಡಿಕೊಂಡಿರುತ್ತದೆ. ಬಿಡಿ ಸ್ಪೀಕರನ್ನಷ್ಟೇ ತೂಕಕ್ಕೆ ತಂದು ಮನೆಯಲ್ಲಿ ಹೊಸ ಪೆಟ್ಟಿಗೆ ಕಟ್ಟುವ ಕೆಲಸವನ್ನು ತೀರ್ಥಹಳ್ಳಿ ಕಡೆಯ ನಮ್ಮ ಹಳ್ಳಿಯಲ್ಲಿ ನಾನು ಹದಿನೈದು ವರ್ಷದಿಂದ ಮಾಡುತ್ತಿದ್ದೇನೆ. ಬಂದವರೆಲ್ಲ ಕೇಳುವುದು ಒಂದೇ: ಮುಚ್ಚಿದ ಪೆಟ್ಟಿಗೆಯೋ, ತೂತಿನ ಪೆಟ್ಟಿಗೆಯೋ? ಪ್ಲೈವುಡ್ಡೋ, ಮರದ ನಾರು ಒತ್ತಿ ಮಾಡಿದ ಎಂಡಿಎಫ್ಫೋ, ಮನೆಯಲ್ಲೇ ಇರುವ ಹಲಸಿನ ಹಲಗೆಯೋ?

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಹಳೆಯ ಮ್ಯೂಸಿಕ್ ಸಿಸ್ಟಮ್ ಅಥವಾ ಕಾರಿನ ಸ್ಪೀಕರ್ ಆದರೆ ಬಿಗಿಯಾಗಿ ಮುಚ್ಚಿದ ಪ್ಲೈವುಡ್ ಪೆಟ್ಟಿಗೆ. ವಾಲ್ವ್ ರೇಡಿಯೋ ಸ್ಪೀಕರ್ ಆದರೆ ಪೆಟ್ಟಿಗೆಯೇ ಬೇಡ, ಒಂದು ಅಗಲವಾದ ಹಲಗೆ ಸಾಕು. ತೂತಿನ ಪೆಟ್ಟಿಗೆ, ಅಂದರೆ ಗಾಳಿ ಹೋಗಿಬರುವ ಪೈಪು (ಪೋರ್ಟ್) ಇರುವ ಪೆಟ್ಟಿಗೆಯನ್ನು ಅಳತೆ ಮಾಡಿಯೇ ಕಟ್ಟಬೇಕು, ಅಂದಾಜಿನ ಮೇಲೆ ಕಟ್ಟಬಾರದು. ಹೀಗೇಕೆ ಎನ್ನುವುದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ಸ್ಪೀಕರ್ ನೋಡಿ

ಅಂಗಡಿಯಲ್ಲೇ ಎರಡು ಕೆಲಸ ಮಾಡಿ. ಮೀಟರ್ ಹಿಡಿದು ಓಮ್ ನೋಡಿ. 8 ಓಮ್ ಎಂದು ಬರೆದ ಸ್ಪೀಕರ್ ಮೀಟರಿನಲ್ಲಿ 6ರಿಂದ 6.5 ತೋರಿಸುತ್ತದೆ, 4 ಓಮಿನದು ಮೂರೂ ಚಿಲ್ಲರೆ ತೋರಿಸುತ್ತದೆ. ಏನೂ ತೋರಿಸದಿದ್ದರೆ ಒಳಗಿನ ತಂತಿಸುರುಳಿ, ಅಂದರೆ ವಾಯ್ಸ್ ಕಾಯಿಲ್, ಸುಟ್ಟಿದೆ, ಅಲ್ಲೇ ಬಿಡಿ. ಆಮೇಲೆ ಎರಡೂ ಕೈಯ ಬೆರಳುಗಳನ್ನು ಕೋನಿನ (ಅಲ್ಲಾಡಿ ಸದ್ದು ಹೊರಡಿಸುವ ಬಟ್ಟಲಿನಂಥ ಭಾಗ) ಸುತ್ತ ಸಮನಾಗಿ ಇಟ್ಟು ಮೆಲ್ಲಗೆ ಒತ್ತಿ. ಸದ್ದಿಲ್ಲದೆ ಒಳಗೆ ಹೋಗಿ ಬರಬೇಕು. ಮರಳು ಉಜ್ಜಿದ ಹಾಗೆ ಕರಕರ ಎಂದರೆ ವಾಯ್ಸ್ ಕಾಯಿಲ್ ಓರೆಯಾಗಿದೆ, ಇಲ್ಲವೇ ಸಂದಿನೊಳಗೆ ತುಕ್ಕು ಬಂದಿದೆ.

ಕೋನಿನ ಸುತ್ತಲಿನ ಅಂಚು ಯಾವುದರದ್ದು ಎಂದೂ ನೋಡಿಕೊಳ್ಳಿ. ಫೋಮಿನ ಅಂಚು ತೇವದ ಹವೆಯಲ್ಲಿ ತಾನಾಗಿ ಕೊಳೆಯುತ್ತದೆ. ಆ ಫೋಮು ಪಾಲಿಯುರೆಥೇನಿನದು, ನೀರಿನಂಶ ಅದನ್ನು ಒಳಗಿನಿಂದಲೇ ಮುರಿಯುತ್ತದೆ. ಮುಟ್ಟಿದರೆ ಬೆರಳಿಗೆ ಅಂಟಂಟಾದ ಕಪ್ಪು ಪುಡಿ ಬಂದರೆ ಅದರ ಕತೆ ಮುಗಿಯಿತು. ಅಷ್ಟಕ್ಕೇ ಸ್ಪೀಕರ್ ಬಿಸಾಡಬೇಡಿ, ಹೊಸ ಅಂಚು ಆನ್‌ಲೈನಿನಲ್ಲಿ ಸಿಗುತ್ತದೆ. ಅಂಟು ಒಣಗುವಾಗ ಸಣ್ಣಗೆ 30 ಹರ್ಟ್ಸ್ (ಸೆಕೆಂಡಿಗೆ 30 ಕಂಪನ) ಸದ್ದು ಹಾಕಿಟ್ಟರೆ ಕಾಯಿಲ್ ಎಲ್ಲಾದರೂ ಉಜ್ಜುತ್ತಿದ್ದರೆ ಕೂಡಲೇ ಕೇಳಿಸುತ್ತದೆ, ಆಗಲೇ ಸರಿಪಡಿಸಬಹುದು. ರಬ್ಬರ್ ಅಂಚು, ಮೈಕ್‌ಸೆಟ್ ಸ್ಪೀಕರಿನ ನೆರಿಗೆ ಬಟ್ಟೆಯ ಅಂಚು ನಮ್ಮ ಮಳೆಗೂ ತಡೆಯುತ್ತವೆ.

ಸ್ಪೀಕರ್ ಇನ್ನೂ ತನ್ನ ಹಳೆಯ ಪೆಟ್ಟಿಗೆಯೊಳಗೇ ಸಿಕ್ಕಿದರೆ, ಪೆಟ್ಟಿಗೆ ಎಷ್ಟೇ ಹಾಳಾಗಿರಲಿ, ಒಡೆಯುವ ಮುಂಚೆ ಒಳಗಿನ ಉದ್ದ, ಅಗಲ, ಆಳ ಅಳೆದು ಬರೆದುಕೊಳ್ಳಿ. ಪೋರ್ಟ್ ಇದ್ದರೆ ಅದರ ವ್ಯಾಸ, ಉದ್ದ ಕೂಡ. ತಯಾರಿಸಿದವರು ಆ ಸ್ಪೀಕರಿಗೆಂದೇ ಲೆಕ್ಕ ಹಾಕಿದ ಅಳತೆ ಅದು. ಅದನ್ನೇ ಒಳ್ಳೆಯ ಪ್ಲೈವುಡ್ಡಿನಲ್ಲಿ ನಕಲು ಮಾಡಿದರೆ ಮುಂದಿನ ಲೆಕ್ಕವೇ ಬೇಕಿಲ್ಲ.

ಮೂರು ಅಂಕಿ

ಪೆಟ್ಟಿಗೆ ಇಲ್ಲದೆ ಸಿಕ್ಕಿದ ಸ್ಪೀಕರಿನ ವಿಷಯದಲ್ಲಿ ಮೂರು ಅಂಕಿ ಗೊತ್ತಾಗಬೇಕು. ಕೋನು ತಾನಾಗಿ ಯಾವ ಕಂಪನಕ್ಕೆ ಹೆಚ್ಚು ತೂಗುತ್ತದೆ ಎನ್ನುವುದು ಎಫ್‌ಎಸ್. ಆ ತೂಗಾಟವನ್ನು ಸ್ಪೀಕರ್ ಎಷ್ಟರಮಟ್ಟಿಗೆ ಹಿಡಿದು ನಿಲ್ಲಿಸುತ್ತದೆ ಎನ್ನುವುದು ಕ್ಯೂಟಿಎಸ್. ಈ ಅಂಕಿ ಕಡಿಮೆಯಿದ್ದಷ್ಟೂ ಹಿಡಿತ ಬಿಗಿ. ಕೋನಿನ ತೂಗುಹಿಡಿ, ಅಂದರೆ ಅದನ್ನು ಹಿಡಿದುಕೊಂಡು ಅಲ್ಲಾಡಲು ಬಿಡುವ ಅಂಚು ಮತ್ತು ಹಿಂದಿನ ನೆರಿಗೆ ಬಟ್ಟೆ, ಎಷ್ಟು ಲೀಟರ್ ಗಾಳಿಯಷ್ಟು ಮೆತ್ತಗಿದೆ ಎನ್ನುವುದು ವಿಎಎಸ್. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಕೊಟ್ಟ ಈ ಲೆಕ್ಕ ಬರುವ ತನಕ ಪೆಟ್ಟಿಗೆ ಕಟ್ಟುವುದು ಬಹುಮಟ್ಟಿಗೆ ಕೈಗುಣದ ಮಾತಾಗಿತ್ತು.

ಇದಕ್ಕೆ ಲ್ಯಾಬ್ ಬೇಕಿಲ್ಲ. ಒಂದು ಸಣ್ಣ ಆಂಪ್ಲಿಫೈಯರ್, ಬೇಕಾದ ಹರ್ಟ್ಸಿನ ಸದ್ದು ಹೊರಡಿಸುವ ಆ್ಯಪ್ ಇರುವ ಫೋನು, ಒಂದು 1,000 ಓಮ್ ರೆಸಿಸ್ಟರ್, ಎಸಿ ಮಿಲಿವೋಲ್ಟ್ ಅಳೆಯಬಲ್ಲ ಮೀಟರ್ ಸಾಕು. ರೆಸಿಸ್ಟರನ್ನು ಸ್ಪೀಕರಿನ ಜೊತೆ ಸೀರೀಸ್‌ನಲ್ಲಿ ಹಾಕಿ, ಸ್ಪೀಕರಿನ ಎರಡು ತುದಿಗೆ ಮೀಟರ್ ಹಿಡಿಯಿರಿ. ಮೊದಲು ಸ್ಪೀಕರಿನ ಜಾಗದಲ್ಲಿ 10 ಓಮ್ ರೆಸಿಸ್ಟರ್ ಇಟ್ಟು ಎಷ್ಟು ಮಿಲಿವೋಲ್ಟ್ ಬರುತ್ತದೆ ನೋಡಿಕೊಂಡರೆ, ಆಮೇಲೆ ಮೀಟರಿನ ಅಂಕಿಯನ್ನು ಓಮ್ ಆಗಿ ಓದಬಹುದು. ಸ್ಪೀಕರನ್ನು ಗಾಳಿಯಲ್ಲಿ ಎತ್ತಿ ಹಿಡಿದು 20 ಹರ್ಟ್ಸಿನಿಂದ ಮೇಲೆ ಹೋಗುತ್ತಾ ಬನ್ನಿ. ಅಂಕಿ ಏರಿ ಏರಿ ಒಂದು ಕಡೆ ತುದಿ ಮುಟ್ಟಿ ಇಳಿಯುತ್ತದೆ. ಆ ತುದಿಯೇ ಎಫ್‌ಎಸ್.

ನನ್ನ ಪುಸ್ತಕದಲ್ಲಿರುವ ಒಂದು 8 ಇಂಚಿನ ವೂಫರಿನ (ಬೇಸ್ ಸ್ಪೀಕರಿನ) ಲೆಕ್ಕ ಹೀಗಿದೆ. ಡಿಸಿ ಓಮ್, ಅಂದರೆ ಬರೀ ಮೀಟರ್ ಹಿಡಿದಾಗ ಬಂದದ್ದು, 6.4. ತುದಿ ಮುಟ್ಟಿದ್ದು 45 ಹರ್ಟ್ಸಿಗೆ, ಅಲ್ಲಿ 32 ಓಮ್. ಅಂದರೆ 5 ಪಟ್ಟು. 32ನ್ನು 6.4ರಿಂದ ಗುಣಿಸಿ ವರ್ಗಮೂಲ ತೆಗೆದರೆ 14.3 ಓಮ್. ತುದಿಯ ಆಚೆ ಈಚೆ ಈ 14.3 ಓಮ್ ಸಿಕ್ಕಿದ್ದು 29 ಮತ್ತು 69 ಹರ್ಟ್ಸಿನಲ್ಲಿ, ಅಂತರ 40. ಎಫ್‌ಎಸ್ 45ನ್ನು ಈ 40ರಿಂದ ಭಾಗಿಸಿ, ಬಂದದ್ದನ್ನು 5ರ ವರ್ಗಮೂಲ 2.24ರಿಂದ ಇನ್ನೊಮ್ಮೆ ಭಾಗಿಸಿದರೆ 0.5. ಅದೇ ಕ್ಯೂಟಿಎಸ್. ಆಮೇಲೆ ಅದೇ ಸ್ಪೀಕರನ್ನು 20 ಲೀಟರಿನ ಬಿಗಿಯಾದ ಹಳೆಯ ಪೆಟ್ಟಿಗೆಗೆ ಕೂರಿಸಿ ಅಳೆದರೆ ತುದಿ 78 ಹರ್ಟ್ಸಿಗೆ ಏರಿತು. 78ನ್ನು 45ರಿಂದ ಭಾಗಿಸಿ ವರ್ಗ ಮಾಡಿದರೆ 3, ಒಂದು ಕಳೆದರೆ 2, ಅದನ್ನು 20 ಲೀಟರಿನಿಂದ ಗುಣಿಸಿದರೆ ವಿಎಎಸ್ ಸುಮಾರು 40 ಲೀಟರ್.

ಒಂದು ಸಂಗತಿ ನೆನಪಿರಲಿ. ಕಾಗದದ ಕೋನು ತೇವ ಹೀರಿ ಭಾರವಾಗುತ್ತದೆ. ಏಪ್ರಿಲ್‌ನಲ್ಲಿ 61 ಹರ್ಟ್ಸ್ ತೋರಿಸಿದ ನನ್ನ ಒಂದು ಸ್ಪೀಕರ್ ಪುನರ್ವಸು ಮಳೆ ಹಿಡಿದುಕೊಂಡಾಗ 57ಕ್ಕೆ ಇಳಿದಿತ್ತು. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆ ನಮ್ಮ ಬೆನ್ನಿಗೇ ಇದೆ. ಇಲ್ಲಿ ಯಾವ ಅಳತೆಯೂ ಹನ್ನೆರಡು ತಿಂಗಳು ಅಲ್ಲಾಡದೆ ನಿಲ್ಲುವುದಿಲ್ಲ. ಇಷ್ಟು ಏರುಪೇರನ್ನು ಸಹಿಸುವ ಪೆಟ್ಟಿಗೆ ಯಾವುದು ಎಂದು ಕೇಳಿಕೊಂಡಾಗಲೇ ನನಗೆ ಆಯ್ಕೆ ಸುಲಭವಾದದ್ದು.

ಮುಚ್ಚಿದ ಪೆಟ್ಟಿಗೆ

ಮುಚ್ಚಿದ ಪೆಟ್ಟಿಗೆಯಲ್ಲಿ ಒಳಗೆ ಸಿಕ್ಕಿಕೊಂಡ ಗಾಳಿಯೇ ಸ್ಪ್ರಿಂಗ್. ಎಡ್ಗರ್ ವಿಲ್ಚರ್ 1954ರಲ್ಲಿ ಎಆರ್-1 ಎಂಬ ಸ್ಪೀಕರಿನಲ್ಲಿ ಈ ಗಾಳಿಯ ಸ್ಪ್ರಿಂಗನ್ನೇ ನೆಚ್ಚಿಕೊಂಡು ಸಣ್ಣ ಪೆಟ್ಟಿಗೆಯಿಂದ ಆಳವಾದ ಬೇಸ್ ತೆಗೆದು ತೋರಿಸಿದ್ದರು. ಹಳೆಯ ಸ್ಪೀಕರಿಗೆ ಇದು ವರವೇ ಸರಿ. ಇಪ್ಪತ್ತು ಮೂವತ್ತು ವರ್ಷದಲ್ಲಿ ಅದರ ತೂಗುಹಿಡಿ ಸಡಿಲವಾಗಿರುತ್ತದೆ. ಒಳಗಿನ ಗಾಳಿ ಕೋನನ್ನು ಹಿಂದಕ್ಕೆ ತಳ್ಳಿ ಕಾಯುತ್ತದೆ.

ಲೆಕ್ಕವೂ ಸರಳ. 0.707ನ್ನು ಕ್ಯೂಟಿಎಸ್‌ನಿಂದ ಭಾಗಿಸಿ, ವರ್ಗ ಮಾಡಿ, ಒಂದು ಕಳೆಯಿರಿ. ವಿಎಎಸ್ ಅನ್ನು ಅದರಿಂದ ಭಾಗಿಸಿ. ಮೇಲಿನ ವೂಫರಿಗೆ 40 ಲೀಟರ್ ಬರುತ್ತದೆ, ಬೇಸ್ ಸುಮಾರು 64 ಹರ್ಟ್ಸಿನ ತನಕ ಇಳಿದು ಅಲ್ಲಿಂದ ಮೆಲ್ಲಗೆ ಜಾರುತ್ತದೆ. ಒಳಗೆ 27, 34, 44 ಸೆಂ.ಮೀ. ಅಳತೆ ಹಾಕಿದರೆ ಸುಮಾರು 40 ಲೀಟರ್, ಅಡ್ಡಪಟ್ಟಿ ಮತ್ತು ಮ್ಯಾಗ್ನೆಟ್ ತಿನ್ನುವ ಜಾಗಕ್ಕೆ ಒಂದೆರಡು ಲೀಟರ್ ಸೇರಿಸಿಕೊಳ್ಳಿ. ಮೂರೂ ಬದಿ ಒಂದೇ ಅಳತೆಯ ಪೆಟ್ಟಿಗೆ ಮಾತ್ರ ಮಾಡಬೇಡಿ, ಒಂದೇ ಸ್ವರ ಎದ್ದೆದ್ದು ಕೇಳುತ್ತದೆ. 8×4ರ ಒಂದು ಪ್ಲೈವುಡ್ ಶೀಟಿನಲ್ಲಿ ಇಂಥ ಎರಡು ಪೆಟ್ಟಿಗೆ ಆಗಿ ಇನ್ನೂ ಉಳಿಯುತ್ತದೆ.

ಲೆಕ್ಕದಲ್ಲಿ ಐದಾರು ಲೀಟರ್ ಹೆಚ್ಚುಕಮ್ಮಿ ಆದರೂ ಮುಚ್ಚಿದ ಪೆಟ್ಟಿಗೆ ಮುನಿಯುವುದಿಲ್ಲ. ಬೇಸ್ ತುಸು ಗುಮ್ಮೆಂದಿದ್ದರೆ ಒಳಗೆ ಇನ್ನಷ್ಟು ಪಾಲಿಯೆಸ್ಟರ್ ಹತ್ತಿ ತುಂಬಿದರೆ ಸರಿಹೋಗುತ್ತದೆ. ಹಳೆಯ ದಿಂಬಿನೊಳಗಿನ ಪಾಲಿಯೆಸ್ಟರ್ ಹತ್ತಿಯೂ ನಡೆಯುತ್ತದೆ. ಬೂರುಗದ ಹತ್ತಿ ನಮ್ಮಲ್ಲಿ ಧಾರಾಳ, ಆದರೆ ಎರಡನೇ ಮಳೆಗಾಲಕ್ಕೆ ಬೂಸ್ಟು ಹಿಡಿದು ವಾಸನೆ ಬರುತ್ತದೆ. ಬೇಡ.

ಪೋರ್ಟ್ ಇರುವ ಪೆಟ್ಟಿಗೆ

ಎಲ್ಲರಿಗೂ ಆಸೆ ಇದರ ಮೇಲೆಯೇ, ಏಕೆಂದರೆ ಅದೇ ಸ್ಪೀಕರ್ ಇನ್ನೂ ಕೆಳಗಿನ ಬೇಸ್ ಕೊಡುತ್ತದೆ. ಕ್ಯೂಟಿಎಸ್ 0.4ಕ್ಕಿಂತ ಕಡಿಮೆ ಇರುವ ಮೈಕ್‌ಸೆಟ್ ಸ್ಪೀಕರುಗಳಿಗೆ ಇದು ಬೇಕೇ ಬೇಕು. ಕ್ಯೂಟಿಎಸ್ 0.3, ಎಫ್‌ಎಸ್ 50 ಇರುವ 12 ಇಂಚಿನ ಸ್ಪೀಕರನ್ನು ಅದೇ ಸೂತ್ರದಲ್ಲಿ ಮುಚ್ಚಿದರೆ ಅದು 118 ಹರ್ಟ್ಸಿಗೆ ಏರಿಬಿಡುತ್ತದೆ. ಡೊಳ್ಳು ಹಾಕಿದರೆ ದಮ್ಮಡಿ ಕೇಳಿದ ಹಾಗಿರುತ್ತದೆ.

ಆದರೆ ಪೋರ್ಟ್ ತಪ್ಪನ್ನು ಕ್ಷಮಿಸುವುದಿಲ್ಲ. 40 ಲೀಟರಿನ ಪೆಟ್ಟಿಗೆಯನ್ನು 45 ಹರ್ಟ್ಸಿಗೆ ಟ್ಯೂನ್ ಮಾಡಲು 7 ಸೆಂ.ಮೀ. ಒಳವ್ಯಾಸದ ಪೈಪು ಸುಮಾರು 9 ಸೆಂ.ಮೀ. ಉದ್ದ ಇರಬೇಕು. ಪೆಟ್ಟಿಗೆ 30 ಲೀಟರ್ ಆದರೆ ಅದೇ ಪೈಪು 14 ಸೆಂ.ಮೀ. ಆಗಬೇಕು. ಟ್ಯೂನ್ ಮಾಡಿದ ಸ್ವರಕ್ಕಿಂತ ಕೆಳಗಿನ ಸದ್ದು ಬಂದಾಗ ಒಳಗಿನ ಗಾಳಿ ಕೋನನ್ನು ಹಿಡಿಯುವುದೇ ಇಲ್ಲ, ಪೋರ್ಟಿನಲ್ಲಿ ಹೊರಗೆ ಹೋಗಿಬಿಡುತ್ತದೆ. ನಾನು ಮೊದಲು ಕಟ್ಟಿದ ಪೋರ್ಟ್ ಪೆಟ್ಟಿಗೆಗೆ ಗೆಳೆಯನ ಮನೆಯ ಪೆಟ್ಟಿಗೆಯ ಅಳತೆ ಹಾಕಿದ್ದೆ, ಸ್ಪೀಕರ್ ಬೇರೆಯದು. ಡೊಳ್ಳು ಕುಣಿತದ ರೆಕಾರ್ಡಿಂಗ್ ಹಾಕಿದ ಮೂರನೇ ನಿಮಿಷಕ್ಕೆ ಟಕ್ ಟಕ್ ಎಂದಿತು. ವಾಯ್ಸ್ ಕಾಯಿಲ್ ಹಿಂದಿನ ಪ್ಲೇಟಿಗೆ ಬಡಿಯುವ ಸದ್ದು ಅದು. ಬಿಚ್ಚಿ ನೋಡಿದಾಗ ಕಾಯಿಲಿನ ತುದಿ ಮಡಚಿಹೋಗಿತ್ತು. ಅಷ್ಟು ಚೆನ್ನಾಗಿದ್ದ ಆ ಜೊತೆ ಸ್ಪೀಕರಿನಲ್ಲಿ ಈಗ ಒಂದೇ ಉಳಿದಿದೆ, ಇವತ್ತಿಗೂ ಅದರ ಜೋಡಿ ಸಿಕ್ಕಿಲ್ಲ.

ಮಲೆನಾಡಿನಲ್ಲಿ ಇನ್ನೊಂದು ತೊಂದರೆಯಿದೆ. ತೆರೆದ ಪೈಪು ಕಂಡರೆ ಹಲ್ಲಿ ಹೋಗುತ್ತದೆ, ಜೇಡ ಬಲೆ ಕಟ್ಟುತ್ತದೆ. ಒಂದು ಬೇಸಿಗೆಯಲ್ಲಿ ಎಡಗಡೆ ಪೆಟ್ಟಿಗೆಯ ಬೇಸ್ ಇದ್ದಕ್ಕಿದ್ದಂತೆ ಸೊರಗಿತು. ಟಾರ್ಚ್ ಬಿಟ್ಟು ನೋಡಿದರೆ ಕಣಜದ ಹುಳ ಪೈಪಿನ ಒಳಗೋಡೆಗೆ ನಿಂಬೆಹಣ್ಣಿನ ಗಾತ್ರದ ಮಣ್ಣಿನ ಗೂಡು ಕಟ್ಟಿತ್ತು. ಅದರ ಮೇಲೆ ಹುಳದ ಬಾಯಿಯ ಗುರುತು ಒಂದರ ಪಕ್ಕ ಒಂದು ಸಾಲಾಗಿ ಮೂಡಿತ್ತು. ಅಂದಿನಿಂದ ಪೈಪಿನ ಬಾಯಿಗೆ ಸೊಳ್ಳೆ ಪರದೆಯ ಬಲೆ ಕಟ್ಟುತ್ತೇನೆ.

ಅಳತೆ ಕೈಯಲ್ಲಿದೆ, ಕ್ಯೂಟಿಎಸ್ 0.4ರ ಒಳಗಿದೆ, ಅಂಚು ಗಟ್ಟಿಯಿದೆ ಎಂದಾದರೆ ಪೋರ್ಟ್ ಮಾಡಿ. ಪೈಪನ್ನು ಲೆಕ್ಕಕ್ಕಿಂತ ಉದ್ದವೇ ಇಟ್ಟು, ಕೇಳುತ್ತಾ ಸ್ವಲ್ಪ ಸ್ವಲ್ಪ ಕತ್ತರಿಸುತ್ತಾ ಬನ್ನಿ.

ಬರೀ ಹಲಗೆ

ವಾಲ್ವ್ ರೇಡಿಯೋ ಸ್ಪೀಕರಿನ ಕೋನು ಹಗುರ, ಅಂಚೂ ಕಾಗದದ್ದೇ, ಕ್ಯೂಟಿಎಸ್ 0.8 ದಾಟಿರುತ್ತದೆ. ಅದನ್ನು ಮುಚ್ಚಿದರೆ ಮಡಕೆಯೊಳಗೆ ಬಾಯಿಟ್ಟು ಮಾತಾಡಿದ ಹಾಗೆ ಕೇಳುತ್ತದೆ. ಅದು ಹಿಂಬದಿ ತೆರೆದ ಪೆಟ್ಟಿಗೆಯಲ್ಲೇ ಬಾಳಿದ ಸ್ಪೀಕರ್. ನಮ್ಮ ಮನೆಯ ರೇಡಿಯೋ ಪೆಟ್ಟಿಗೆಯನ್ನು ಒರಲೆ ತಿಂದಾಗ ಉಳಿದದ್ದು 8 ಇಂಚಿನ ಸ್ಪೀಕರ್ ಒಂದೇ. ಅಟ್ಟದ ಮೇಲಿದ್ದ 60 ಸೆಂ.ಮೀ. ಅಗಲ, 90 ಸೆಂ.ಮೀ. ಎತ್ತರದ ಹಲಸಿನ ಹಲಗೆಗೆ ತೂತು ಕೊರೆದು ಕೂರಿಸಿದೆ, ನಟ್ಟನಡುವೆ ಅಲ್ಲ, ಸ್ವಲ್ಪ ಪಕ್ಕಕ್ಕೆ. ಜಗಲಿಯಲ್ಲಿ ಗೋಡೆಯಿಂದ ಎರಡಡಿ ಮುಂದೆ ನಿಲ್ಲಿಸಿ ಭದ್ರಾವತಿ ಆಕಾಶವಾಣಿ ಹಾಕಿದಾಗ ಅಜ್ಜಿ ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದು, "ಯಾರು ಬಂದಿದ್ದು, ಜಗಲೀಲಿ ಮಾತಾಡ್ದಂಗೆ ಕೇಳ್ತಲ್ಲ?" ಎಂದರು. ಮನುಷ್ಯರ ದನಿಗೆ ಈ ಹಲಗೆಯನ್ನು ಮೀರಿಸುವ ಪೆಟ್ಟಿಗೆಯನ್ನು ನಾನು ಕಟ್ಟಿಲ್ಲ.

ಇದರ ಮಿತಿಯೂ ಗೊತ್ತಿರಲಿ. ಮುಂದಿನ ಸದ್ದೂ ಹಿಂದಿನ ಸದ್ದೂ ಹಲಗೆಯ ಅಂಚಿನಲ್ಲಿ ಸೇರಿ ಒಂದನ್ನೊಂದು ಕೊಲ್ಲುತ್ತವೆ. 60 ಸೆಂ.ಮೀ. ಅಗಲದ ಹಲಗೆಯಲ್ಲಿ ಸುಮಾರು 200 ಹರ್ಟ್ಸಿನಿಂದ ಕೆಳಗೆ ಬೇಸ್ ಸೋರುತ್ತದೆ. ವಾರ್ತೆ, ತಾಳಮದ್ದಳೆ, ಸಂಗೀತ ಕಚೇರಿಗೆ ಸಾಕು, ಸಿನಿಮಾ ಹಾಡಿಗೆ ಸಾಲದು. ಆಂಪ್ಲಿಫೈಯರಿಗೆ ಜೋಡಿಸುವ ಮುಂಚೆ ಓಮ್ ನೋಡಿ, ಹಳೆಯ ರೇಡಿಯೋದವು ಮೂರ್ನಾಲ್ಕು ಓಮ್ ಇರುವುದೇ ಹೆಚ್ಚು.

ಪೆಟ್ಟಿಗೆಯೊಳಗೆ ಸುತ್ತುದಾರಿ ಮಾಡಿ ಸದ್ದು ಹಾಯಿಸುವ ಟ್ರಾನ್ಸ್‌ಮಿಷನ್ ಲೈನ್ ಬಗ್ಗೆಯೂ ಕೇಳುತ್ತಾರೆ. 40 ಹರ್ಟ್ಸಿಗೆ ಎರಡು ಮೀಟರಿಗೂ ಉದ್ದದ ದಾರಿ ಬೇಕು. ಗುಜರಿ ಸ್ಪೀಕರಿಗೆ ಅಷ್ಟು ಹಲಗೆ, ಅಷ್ಟು ದುಡಿಮೆ ಸಲ್ಲದು.

ಯಾವ ಹಲಗೆ

ಪಾರ್ಟಿಕಲ್ ಬೋರ್ಡಿನ ಮಾತೇ ಬೇಡ. ಎಂಡಿಎಫ್ ಭಾರ, ಮೈಯೆಲ್ಲ ಒಂದೇ ಸಮ, ಅನುರಣನ ಕಡಿಮೆ, ಕತ್ತರಿಸಲು ಸುಲಭ. ಹೊರದೇಶದವರು ಅದನ್ನೇ ಹೊಗಳುವುದರಲ್ಲಿ ತಪ್ಪಿಲ್ಲ. ಶಿವಮೊಗ್ಗ ಪೇಟೆಯ ಬೆಚ್ಚನೆಯ ತಾರಸಿ ಮನೆಯಲ್ಲಿ, ಸ್ಪೀಕರ್ ತೂತಿನ ಅಂಚೂ ಸೇರಿದಂತೆ ಎಲ್ಲ ಕತ್ತರಿಸಿದ ಬದಿಗಳಿಗೂ ಎರಡು ಕೋಟ್ ಸೀಲರ್ ಹೊಡೆದರೆ ನಡೆಯುತ್ತದೆ. ಹೊಸನಗರ, ತೀರ್ಥಹಳ್ಳಿ ಕಡೆ ಬೇಡ. ಸ್ಕ್ರೂ ತೂತಿನ ಮೂಲಕ ಹೋದ ತೇವ ಸಾಕು, ಬಿಸ್ಕತ್ತಿನ ಹಾಗೆ ಉಬ್ಬುತ್ತದೆ.

ಪ್ಲೈವುಡ್ಡಿನಲ್ಲಿ ಹೆಸರು ನೋಡಿ ಮೋಸ ಹೋಗಬಾರದು. ವಾಟರ್‌ಪ್ರೂಫ್ ಎಂದು ಹೇಳಿ ಒಂದು ಅಂಗಡಿಯವರು ಕೊಟ್ಟ ಶೀಟು ಎರಡು ಮಳೆಗಾಲಕ್ಕೆ ಪುಸ್ತಕದ ಹಾಳೆಯಂತೆ ಬಿಚ್ಚಿಕೊಂಡಿತು. ಐಎಸ್ 303 ಎಂದು ಒತ್ತಿದ ಎಂಆರ್ ದರ್ಜೆ ತೇವವನ್ನಷ್ಟೇ ತಡೆಯುತ್ತದೆ. ಐಎಸ್ 710 ಎಂದಿದ್ದರೆ 72 ಗಂಟೆ ಕುದಿಸುವ ಪರೀಕ್ಷೆ ದಾಟಬೇಕಾದ ಮರೀನ್ ದರ್ಜೆ. ನಾನು ಈಗ ಅಂಗೈಯಗಲದ ತುಂಡು ಕೇಳಿ ತಂದು, ಬಚ್ಚಲೊಲೆಯ ಮೇಲೆ ಹಳೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಡೀ ದಿನ ಕುದಿಸಿ, ಪದರ ಬಿಡದಿದ್ದರೆ ಮಾತ್ರ ಶೀಟು ತರುತ್ತೇನೆ. 6 ಇಂಚಿನೊಳಗಿನ ಸ್ಪೀಕರಿಗೆ 12 ಮಿ.ಮೀ., ಅದಕ್ಕಿಂತ ದೊಡ್ಡದಕ್ಕೆ 18 ಮಿ.ಮೀ. ತನ್ನಿ, ಒಳಗೆ ಒಂದು ಅಡ್ಡಪಟ್ಟಿ ತಪ್ಪಿಸಬೇಡಿ.

ಮನೆಯ ಮರದ ಮೇಲೆ ನಮಗೆಲ್ಲ ಮಮತೆ. ನಮ್ಮೂರ ಆಚಾರ್ರ ಬಳಿ ಹಲಸಿನ ಹಲಗೆ ಒಯ್ದು, "ಇದ್ರಲ್ಲೇ ಪೆಟ್ಟಿಗೆ ಮಾಡ್ಕೊಡಿ ಆಚಾರ್ರೆ, ಮದ್ದಳೆ ಮಾಡೋ ಮರ ಅಲ್ವಾ" ಎಂದೆ. ಅವರು ಹಲಗೆಯ ತುದಿಯನ್ನು ಬೆಳಕಿಗೆ ಹಿಡಿದು ನಾರು ನೋಡಿ ಹೇಳಿದರು: "ಮದ್ದಳೆನ ಒಂದೇ ದಿಮ್ಮೀಲಿ ಕೊರೀತಾರೆ ಮಾರಾಯ್ರೆ, ಜೋಡ್ಸಲ್ಲ. ಆರು ಹಲಗೆ ಜೋಡ್ಸಿದ್ರೆ ಒಂದೊಂದೂ ಒಂದೊಂದ್ ಕಡೆ ಎಳೀತದೆ. ಮಳೇಲಿ ಹಿಗ್ಗಿ, ಚಳೀಲಿ ಕುಗ್ಗಿ ಎಲ್ಲಾದ್ರೂ ಬಾಯಿ ಬಿಡ್ತದೆ." ಮರ ಉದ್ದಕ್ಕೆ ಹೆಚ್ಚು ಕುಗ್ಗುವುದಿಲ್ಲ, ಅಗಲಕ್ಕೆ ಕುಗ್ಗುತ್ತದೆ. ಮುಚ್ಚಿದ ಪೆಟ್ಟಿಗೆಗೆ ಒಂದು ಕೂದಲೆಳೆ ಬಿರುಕು ಬಿದ್ದರೂ ಕೆಟ್ಟಿತು. ಅಲ್ಲದೆ ಮದ್ದಳೆಯ ಮರ ಮಿಡಿಯಬೇಕು, ಸ್ಪೀಕರ್ ಪೆಟ್ಟಿಗೆ ಸುಮ್ಮನಿರಬೇಕು. ಹಲಸು, ಸಾಗವಾನಿ ಇದ್ದರೆ ಹಲಗೆಗೆ ಬಳಸಿ. ಅಲ್ಲಿ ಗಾಳಿ ಬಿಗಿಯುವ ಪ್ರಶ್ನೆಯೇ ಇಲ್ಲ.

ತೋಟದಲ್ಲಿ ಉಳಿದ ಪಿವಿಸಿ ಪೈಪನ್ನು ಜನ ಕಡೆಗಣಿಸುತ್ತಾರೆ. 160 ಮಿ.ಮೀ.ನ ಪೈಪು 40 ಸೆಂ.ಮೀ. ಉದ್ದ ಕತ್ತರಿಸಿದರೆ ಸುಮಾರು 7 ಲೀಟರ್. ಟೀವಿಯಿಂದ ತೆಗೆದ 4 ಇಂಚಿನ ಸ್ಪೀಕರಿಗೆ ಹೇಳಿ ಮಾಡಿಸಿದ ಗಾತ್ರ. ನೀರಿನ ಚಿಂತೆಯಿಲ್ಲ, ಒರಲೆಯ ಚಿಂತೆಯಿಲ್ಲ. ಕೊಳವೆಯಾದ್ದರಿಂದ 430 ಹರ್ಟ್ಸಿನ ಸುತ್ತ ಊದಿದ ಹಾಗೆ ಕೇಳುತ್ತದೆ, ಪೂರ್ತಿ ಹತ್ತಿ ತುಂಬಿ. ಕೊಟ್ಟಿಗೆಗೆ, ಅಡಿಕೆ ಸುಲಿಯುವ ಚಪ್ಪರಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ.

ಮನೆಯೂ ಲೆಕ್ಕಕ್ಕೆ ಬರುತ್ತದೆ

ಹಂಚಿನ ಮಾಡಿನ ಸಂದಿಯಲ್ಲಿ ಬೇಸ್ ಹೊರಗೆ ಹೋಗುತ್ತದೆ, ಗುಂಯ್‌ಗುಡುವಿಕೆ ಕಡಿಮೆ. ಅಲ್ಲಿ ಪೆಟ್ಟಿಗೆಯನ್ನು ಗೋಡೆಗೆ ಹತ್ತಿರ ಇಟ್ಟು ಕಳೆದದ್ದನ್ನು ಗಳಿಸಿಕೊಳ್ಳಬಹುದು. ತಾರಸಿ ಮನೆಯ ಚೌಕ ಕೋಣೆಯಲ್ಲಿ ಅದೇ ಪೆಟ್ಟಿಗೆ ಗುಮ್ಮೆನ್ನುತ್ತದೆ, ಮೂಲೆಯಿಂದ ಈಚೆಗೆ ಎಳೆಯಿರಿ. ಎರಡೂ ಕಡೆ ನೆಲದಿಂದ ಒಂದೆರಡು ಇಂಚು ಎತ್ತರಿಸಿ ಇಡಿ, ಆಷಾಢದಲ್ಲಿ ನೆಲವೇ ಬೆವರುತ್ತದೆ.

ಅಂಟು ಹಾಕುವ ಕೆಲಸ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮುಗಿಯಲಿ. ಸಂದುಗಳಿಗೆ ಸಿಲಿಕೋನ್ ಹಚ್ಚುವಾಗ ವಿನೆಗರ್ ವಾಸನೆ ಬರುವ ಬಗೆಯದು ಬೇಡ, ಆ ಹುಳಿ ಆವಿ ಲೋಹಕ್ಕೆ ತುಕ್ಕು ತರುತ್ತದೆ. ಸ್ಪೀಕರ್ ಮತ್ತು ಹಲಗೆಯ ನಡುವೆ ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಗ್ಯಾಸ್ಕೆಟ್ ಮಾಡಿ. ಎಲ್ಲ ಬಿಗಿದ ಮೇಲೆ ಕೋನನ್ನು ಮೆಲ್ಲಗೆ ಒತ್ತಿ ಬಿಡಿ. ನಿಧಾನವಾಗಿ ಮರಳಿ ಬಂದರೆ ಪೆಟ್ಟಿಗೆ ಬಿಗಿಯಾಗಿದೆ, ಪಟ್ಟನೆ ಬಂದರೆ ಎಲ್ಲೋ ಸೋರುತ್ತಿದೆ. ಆಗ ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, 30 ಹರ್ಟ್ಸ್ ಸಣ್ಣಗೆ ಹಾಕಿ, ಉರಿಯುವ ಊದುಬತ್ತಿಯನ್ನು ಪ್ರತಿ ಸಂದಿನ ಪಕ್ಕ ಬೆರಳಗಲ ದೂರದಲ್ಲಿ ಒಯ್ಯಿರಿ. ನೆಟ್ಟಗೆ ಏಳುವ ಹೊಗೆಯ ಎಳೆ ಸೋರುವ ಜಾಗದಲ್ಲಿ ನಡುಗುತ್ತದೆ. ನನಗೆ ಹೆಚ್ಚಾಗಿ ಸಿಕ್ಕಿರುವುದು ಹಿಂಬದಿಯ ವೈರ್ ಟರ್ಮಿನಲ್ಲಿನ ಸುತ್ತ. ಅಲ್ಲಿ ಸಿಲಿಕೋನ್ ತುಂಬಿ, ಒಂದು ರಾತ್ರಿ ಬಿಟ್ಟು, ಮತ್ತೆ ಊದುಬತ್ತಿ ಹಿಡಿಯಿರಿ.